ಮೊರದ ಗುರುತು

"ಅಕ್ಕಾ, ಒಂದ್ ಮಾತು."

ಮಹೇಶ್ವರಪ್ಪ ಹಿತ್ತಿಲ ಬಾಗಿಲಲ್ಲಿ ನಿಂತು ಕರೆದಾಗ ಶಿವಗಂಗಮ್ಮ ಕಲ್ಲುಬಾನಿಯೊಳಗೆ ಮೊಳಕೈವರೆಗೆ ಕೈಬಿಟ್ಟು ರಾಗಿ ತೊಳೆಯುತ್ತಿದ್ದಳು. ನೀರಿನ ಮೇಲೆ ತೇಲಿದ ಜೊಳ್ಳನ್ನು ಅಂಗೈಯಲ್ಲಿ ಬಳಿದು ಬದಿಗೆ ಚೆಲ್ಲುತ್ತ, ತಲೆ ಎತ್ತದೆಯೇ, "ಹೇಳು" ಎಂದಳು.

ಹೇಳಬೇಕೆಂದು ಅವನು ಬೆಳಿಗ್ಗೆಯಿಂದ ಮಾತು ಜೋಡಿಸಿಕೊಂಡೇ ಬಂದಿದ್ದ. ಅಕ್ಕನ ಬಾಗಿದ ಬೆನ್ನು, ಅದಕ್ಕೆ ಒದ್ದೆಯಾಗಿ ಅಂಟಿದ ಸೆರಗು, ಬಾನಿಯ ಪಕ್ಕ ಮಡಿಸಿಟ್ಟ ಬಿಳಿ ಪಂಚೆಯ ತುಂಡು ಕಂಡದ್ದೇ ಜೋಡಿಸಿಕೊಂಡದ್ದೆಲ್ಲ ಚದುರಿಹೋಯಿತು. "ಚನ್ನಗಿರಿಯೋರು ಎಷ್ಟು ಮಂದಿ ಬರಬೋದು?" ಎಂದ.

"ಬೀಗರು ನಿನ್ನೋರು. ಎಷ್ಟು ಮಂದಿ ಅಂತ ನನ್ನ ಕೇಳ್ತೀಯಲ್ಲೋ." ಶಿವಗಂಗಮ್ಮ ನಕ್ಕಳು. "ಎಷ್ಟು ಮಂದಿ ಬಂದ್ರೂ ಉಣ್ಣಾಕಿ ಒಬ್ಬಾಕಿ. ಆಕಿಗೆ ಬೇಕಾಗೋದು ಎರಡು ಬೆರಳು ರಾಗಿ ಸರಿ. ಹೋಗು, ಅಂಗಡ್ಯಾಗೆ ಯಾರೂ ಇಲ್ಲ."

ನಡುಮನೆಯಲ್ಲಿ ಮಗಳು ಸಂಧ್ಯಾರಾಣಿ ಮಂಚದ ಮೇಲೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು, ಕಿವಿಗೆ ಫೋನು ಹಿಡಿದಿದ್ದಳು. ಆ ಕಡೆಯವರಿಗೆ ಲೋಡು, ಲೇಬಲ್ಲು, ಲಾರಿ ಎಂದೇನೋ ಹೇಳಿ ಮುಗಿಸಿ ಅಪ್ಪನ ಮುಖ ನೋಡಿದಳು.

"ಹೇಳಿದ್ಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಅಪ್ಪಾ, ಈ ಸೋಮವಾರ ಬಿಟ್ಟು ಆಚೆ ಸೋಮವಾರ ಶಾಸ್ತ್ರ. ಅದರೊಳಗೆ ನೀ ಹೇಳ್ಬೇಕು. ನನ್ನ ಮಗಳ ಬಾಯಿಗೆ ಶಿವಗಂಗತ್ತೆ ಸರಿ ಇಡೋವಾಗ ಎದುರಿಗೆ ಕೂತಿರೋಳು ನಾನು. ಹೊಟ್ಯಾಗೆ ಸುಳ್ಳು ಇಟ್ಕಂಡು ಕೂರಾಕೆ ನನ್ನ ಕೈಲಾಗಲ್ಲ."

"ಹೇಳ್ತೀನಿ ಬಿಡವ್ವಾ."

"ಹೇಳ್ತಾರೆ, ಹೇಳ್ತಾರೆ," ಎಂದಳು ಅಡುಗೆಮನೆಯಿಂದ ಹೆಂಡತಿ ಕೊಟ್ರಮ್ಮ. "ಲಾರಿ ಡ್ರೈವರಿಂದ ಹಿಡಿದು ಹೂವಿನೋಳವರೆಗೂ ಊರಿಗೆಲ್ಲ ಗೊತ್ತೈತೆ. ಆಯಮ್ಮಗೆ ಒಬ್ಬರಿಗೇ ಹೇಳೋ ಗಂಡಸು ಜಗಳೂರಾಗೆ ಹುಟ್ಟಿಲ್ಲ."

ಮಹೇಶ್ವರಪ್ಪ ಅಂಗಡಿಗೆ ಹೋಗಿ ತಕ್ಕಡಿಯ ಮುಂದೆ ಕೂತ.

ಜಗಳೂರಿನ ಆ ಭಾಗದಲ್ಲಿ ಕೂಸುಗಳ ಬಾಯಿಗೆ ಮೊದಲ ಊಟ ಬೀಳುತ್ತಿದ್ದದ್ದು ಶಿವಗಂಗಮ್ಮನ ಕೈಯಿಂದ. ಆರು ತಿಂಗಳು ತುಂಬಿದ ಕೂಸನ್ನು ಎತ್ತಿಕೊಂಡು ತಾಯಂದಿರು ಮೊರದ ಗುರುತಿನ ಅಂಗಡಿಯ ಹಿತ್ತಿಲಿಗೆ ಬರುತ್ತಿದ್ದರು. ಅವಳು ರಾಗಿ ನೆನೆಸಿ, ಬಟ್ಟೆಯಲ್ಲಿ ಬಿಗಿದು ತೊಲೆಗೆ ತೂಗುಹಾಕಿ, ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ, ತೂರಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟಿನಲ್ಲಿ ಸರಿ ಕಾಸುತ್ತಿದ್ದಳು. ಅದನ್ನು ಬೆರಳ ತುದಿಯಲ್ಲಿ ಕೂಸಿನ ನಾಲಿಗೆಗೆ ಸವರುವಾಗ ಯಾರೂ ಮಾತಾಡುವಂತಿರಲಿಲ್ಲ. ಯಾವ ಕೇರಿಯ ಕೂಸಾದರೂ ಅಷ್ಟೇ. ತಾಯಿ ಎಲೆ ಅಡಿಕೆ ಇಟ್ಟು ನಮಸ್ಕಾರ ಮಾಡಿದರೆ ಮುಗಿಯಿತು. ಶಿವಗಂಗಮ್ಮನ ಕೈಗುಣ ಎನ್ನುತ್ತಿದ್ದರು. ಅಂಗಡಿಯ ಮೇಲೆ ಜನ ಇಟ್ಟ ನಂಬಿಕೆಯಲ್ಲಿ ಅರ್ಧಪಾಲು ಆ ಹಿತ್ತಿಲಿನದು ಎಂಬುದು ಮಹೇಶ್ವರಪ್ಪನಿಗೆ ಗೊತ್ತಿತ್ತು.

ಈ ಪದ್ಧತಿ ಅವರ ಮನೆತನದ್ದಲ್ಲ. ಅದು ಗೋವಿನಕೋವಿಯಿಂದ ಬಂದದ್ದು.

ಶಿವಗಂಗಮ್ಮನನ್ನು ನ್ಯಾಮತಿ ಹತ್ತಿರದ ಗೋವಿನಕೋವಿಗೆ ಕೊಟ್ಟಿದ್ದರು. ಒಳ್ಳೆಯ ಮನೆ, ನೀರಾವರಿ ಹೊಲ. ಗಂಡ ಮಾತ್ರ ಮನೆಯಲ್ಲಿದ್ದ ಕಾಳನ್ನು ಒಂದೊಂದು ಮೊರ, ಒಂದೊಂದು ಕೊಳಗ ಎಂದು ಸಾರಾಯಿ ಅಂಗಡಿಗೆ ಹೊತ್ತು ಹಾಕುತ್ತಿದ್ದ. ಕೂಸಿಗೆ ಆರು ತಿಂಗಳಾದಾಗ ಅವಳು ತವರಿನಿಂದ ತಂದಿದ್ದ ರಾಗಿಯನ್ನು ಅವ್ವನ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ ತೊಲೆಗೆ ತೂಗುಹಾಕಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ತೊಲೆ ಬರಿದಾಗಿತ್ತು. ಅದೇ ವಾರ ಕೂಸಿಗೆ ಜ್ವರ ಬಂತು. ಸುದ್ದಿ ಬಂದು ಅಪ್ಪ ಬಸವರಾಜಪ್ಪ ಹೊರಟಾಗ ಮಹೇಶ್ವರಪ್ಪನೂ ಜೊತೆಗಿದ್ದ. ಮೀಸೆ ಇನ್ನೂ ಮೂಡದ ವಯಸ್ಸು. ಅವರು ಮುಟ್ಟುವಷ್ಟರಲ್ಲಿ ಕೂಸನ್ನು ಮಣ್ಣು ಮಾಡಿ ಆಗಿತ್ತು. ದೊಡ್ಡವರು ಜಗಲಿಯ ಮೇಲೆ ಮಾತಾಡುತ್ತ ಕೂತಾಗ ಅವನು ಬೀದಿಗೆ ಇಳಿದು ಅಡ್ಡಾಡಿದ. ಸಾರಾಯಿ ಅಂಗಡಿಯ ಹಿಂದೆ ಕೋಳಿಗಳು ತಿಪ್ಪೆ ಕೆದರುತ್ತಿದ್ದವು. ಮೊಳೆತ ರಾಗಿ ಯಾರಿಗೆ ಬೇಕು? ಬಿತ್ತಲು ಬರುವುದಿಲ್ಲ, ಮುದ್ದೆಗೆ ಬರುವುದಿಲ್ಲ. ಅಂಗಡಿಯವನು ಗಂಟು ಬಿಚ್ಚಿ ನೋಡಿ, ಬೈದು, ಕೋಳಿಗೆ ಚೆಲ್ಲಿದ್ದಿರಬೇಕು. ತಿಪ್ಪೆಯ ಅಂಚಿನಲ್ಲಿ ಅವ್ವನ ಸೀರೆಯ ತುಂಡು ಬಿದ್ದಿತ್ತು. ಅವನು ಅದನ್ನು ಎತ್ತಿ, ಕೊಡವಿ, ಅಂಗಿಯೊಳಗೆ ತುರುಕಿಕೊಂಡ. ಅಕ್ಕನನ್ನು ತವರಿಗೇ ಕರೆತರುವ ಬಸ್ಸಿನಲ್ಲಿ ಅವಳ ಮಡಿಲಿಗೆ ಇಟ್ಟ. ಎಲ್ಲಿ ಸಿಕ್ಕಿತು ಎಂದು ಅವಳು ಕೇಳಲಿಲ್ಲ. ಹೊನ್ನಾಳಿಯ ಹೊಳೆ ದಾಟುವಾಗ ಅದನ್ನು ನಾಲ್ಕು ಮಡಿಕೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುವರ್ಷ ಪಕ್ಕದ ಮನೆಯ ಕೂಸಿಗೆ ಆ ಬಟ್ಟೆಯಲ್ಲೇ ರಾಗಿ ಕಟ್ಟಿದಳು. ಆ ಬಟ್ಟೆ ಸವೆದು ಹರಿದು ಎಷ್ಟೋ ಕಾಲವಾಯಿತು. ಕಟ್ಟುವುದು ನಿಲ್ಲಲಿಲ್ಲ.

ಅಂಗಡಿ ಅಪ್ಪನದು. ಸುತ್ತಿನ ಹಳ್ಳಿಗಳ ರಾಗಿ, ನವಣೆ, ಜೋಳ ಕೊಂಡು, ಕಸ ತೆಗೆದು, ಚೀಲ ಮಾಡಿ ಊರೂರಿಗೆ ಕಳಿಸುವ ವ್ಯಾಪಾರ. ಪ್ರತಿ ಚೀಲದ ಮೇಲೂ ಮೊರದ ಗುರುತು ಒತ್ತಬೇಕು. ಗುರುತಿಲ್ಲದೆ ಬಾಗಿಲು ದಾಟಿದ ಮಾಲು ಕಳ್ಳಮಾಲು ಎನ್ನುತ್ತಿದ್ದ ಬಸವರಾಜಪ್ಪ. ಆ ಮರದ ಅಚ್ಚು ಒಮ್ಮೆ ಕೈಜಾರಿ ಕಲ್ಲಿನ ಮೇಲೆ ಬಿದ್ದು ಮೊರದ ಬಲತುದಿ ಚೂರು ಹಾರಿತ್ತು. ಹೊಸದು ಮಾಡಿಸಲಿಲ್ಲ. ಮುಕ್ಕು ಇರುವ ಮೊರವೇ ಬಸವರಾಜಪ್ಪನದೆಂದು ಜನಕ್ಕೆ ರೂಢಿಯಾಯಿತು.

ಮೂರು ವರ್ಷದ ಹಿಂದೆ ಬೆಂಗಳೂರಿನಿಂದ ಬಂದ ಒಬ್ಬರು ಮೊಳಕೆ ಬರಿಸಿ ಒಣಗಿಸಿದ ರಾಗಿ, ನವಣೆ ಬೇಕೆಂದರು. ಟನ್ನುಗಟ್ಟಲೆ. ಬಿಯರಿಗೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ದಾವಣಗೆರೆಯಲ್ಲಿ ಆಹಾರದ ವಿಜ್ಞಾನ ಓದಿದ ಸಂಧ್ಯಾರಾಣಿ ಹಾಳೆಯ ಮೇಲೆ ಗೀಟು ಹಾಕಿ ತೊಟ್ಟಿ ಕಟ್ಟಿಸಿದಳು, ಫ್ಯಾನು ತರಿಸಿದಳು. ಮೊದಲ ರಾಶಿ ಬೂಸ್ಟು ಹಿಡಿಯಿತು. ಎರಡನೆಯದು ಬೆಂದಂತೆ ಆಯಿತು. ನಾತ ಹಿತ್ತಿಲವರೆಗೆ ಹೋಗಿ, ಶಿವಗಂಗಮ್ಮ ಮೂಗಿಗೆ ಸೆರಗು ಹಿಡಿದು ಗೋಡೌನಿಗೆ ಬಂದಳು.

"ಏನೋ ಇದು? ಕಾಳನ್ನ ಹಿಂಗೆ ಕೊಲ್ತೀರಲ್ಲೋ!"

"ಆರ್ಡರ್ ಅಕ್ಕ. ಮೊಳಕೆ ಹಿಟ್ಟಿಗೆ."

"ಯಾರಿಗೆ? ಮಕ್ಕಳಿಗಾ?"

ಅವಳ ಮುಖದಲ್ಲಿ ಮೂಡಿದ ಬೆಳಕನ್ನು ನೋಡಿ ಅವನು "ಹೂಂ" ಎಂದುಬಿಟ್ಟ. ಅದೊಂದು ಹೂಂ. ಆಮೇಲೆ ಅದನ್ನು ತಿದ್ದುವ ಗಳಿಗೆ ದಿನಾ ಬಂತು, ದಿನಾ ಹೋಯಿತು.

ಅಂದಿನಿಂದ ಅವಳು ಬೆಳಿಗ್ಗೆ ಲಿಂಗಪೂಜೆ ಮುಗಿಸಿದ್ದೇ ಗೋಡೌನಿಗೆ ಬರತೊಡಗಿದಳು. ಮೊಳೆಯುತ್ತಿರುವ ರಾಶಿಯೊಳಗೆ ಕೈ ತೂರಿಸಿ, ಕೂಸಿನ ಹಣೆ ಮುಟ್ಟಿ ಜ್ವರ ನೋಡುವವಳಂತೆ ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುತ್ತಿದ್ದಳು. "ಬಿಸಿ ಏರೈತೆ, ಅಂಜಮ್ಮ, ತಿರುವಿ ಹಾಕ್ರೇ" ಎಂದರೆ ಅಂಜಮ್ಮ ಮತ್ತು ಕೂಲಿಯ ಹೆಂಗಸರು ಮರದ ಹಲಿಗೆ ಹಿಡಿದು ಮಗುಚುತ್ತಿದ್ದರು. ಮಾಲು ಚೆನ್ನಾಗಿ ಬಂತು. "ಎಷ್ಟು ಊರಿನ ಮಕ್ಕಳು ಉಣ್ತಾವೋ," ಎಂದು ಅವಳು ಒಮ್ಮೊಮ್ಮೆ ಲಾರಿ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಹೇಳಿ ಚೀಲಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹಮಾಲರು ಆ ಕಡೆ ಈ ಕಡೆ ನೋಡುತ್ತಿದ್ದರು.

ಒಂದೂವರೆ ವರ್ಷದ ನಂತರ ಬೆಂಗಳೂರಿನವರು ಫೋನು ಎತ್ತುವುದು ನಿಲ್ಲಿಸಿದರು. ಅವರ ವ್ಯಾಪಾರವೇ ಮುಚ್ಚಿತ್ತು. ಅರ್ಧ ಗೋಡೌನು ತುಂಬ ಮೊಳೆತು, ಬಿಯರಿಗೆಂದೇ ಬೇರೆಡೆ ಕಪ್ಪಗೆ ಹುರಿಸಿ ಚೀಲ ಕಟ್ಟಿಸಿದ ಕಾಳು ಉಳಿಯಿತು. ಮಹೇಶ್ವರಪ್ಪ ಅದರ ಮುಷ್ಟಿ ಮುಷ್ಟಿ ಮಾದರಿ ಕಟ್ಟಿಕೊಂಡು ಅಲೆದ. ನ್ಯಾಮತಿಯಲ್ಲಿ ಹಿಟ್ಟಿನ ಪ್ಯಾಕೆಟ್ ಮಾಡುವವನು ಮೂಸಿ ನೋಡಿ, "ಇಷ್ಟು ಹುರಿದ ಮ್ಯಾಲೆ ಮಕ್ಕಳಿಗೆ ಹೆಂಗ್ ಕೊಡ್ತಾರೆ ಸಾವ್ಕಾರ್ರೆ?" ಎಂದ. ಹೊನ್ನಾಳಿಯ ದನದ ಮೇವಿನ ವ್ಯಾಪಾರಿ, ಪುಕ್ಕಟೆ ಕೊಟ್ಟರೆ ಒಯ್ಯುವೆ, ಲಾರಿ ಬಾಡಿಗೆ ನಿಮ್ಮದು ಎಂದು ನಕ್ಕ. ತ್ಯಾವಣಿಗೆಯ ಪರಿಚಯದವನೊಬ್ಬ ಚಹಾ ಕುಡಿಸಿ ಕಳಿಸಿದ. ಬಿತ್ತಲು ಬರುವುದಿಲ್ಲ, ಮುದ್ದೆಗೆ ಬರುವುದಿಲ್ಲ. ಬಸ್ಸಿನ ಕಿಟಕಿಯಲ್ಲಿ ಮೊಳಕೈಯೂರಿ ಕೂತ ಅವನಿಗೆ ತಿಪ್ಪೆಯ ಕೋಳಿಗಳು ನೆನಪಾದವು.

"ಬ್ಯಾರೇರ ಬಾಗಿಲು ಯಾಕೆ ತಟ್ಟೋದು?" ಎಂದಳು ಸಂಧ್ಯಾರಾಣಿ. ಆಗ ಅವಳು ಕೆಲವೇ ತಿಂಗಳ ಬಸುರಿ. "ಬೆಂಗಳೂರಿನ ಹೊರಗೆ ಒಂದು ಕಾರ್ಖಾನೆ ಐತೆ. ನಮ್ಮ ಕಾಳು, ನಮ್ಮ ಹೆಸರು, ಅವರ ಕೈಕೆಲಸ. ಮಾಡಿ ಬಾಟ್ಲಿ ತುಂಬಿ ಕೊಡ್ತಾರೆ. ನಾವೇ ಮಾರಾಣ."

"ಬಸವರಾಜಪ್ಪನ ಮನೆಯೋರು ಬೀರು ಮಾರೋದಾ?"

"ಒಂದೂವರೆ ವರ್ಷ ನಾವ್ ಏನ್ ಮಾರಿದ್ವಿ ಅಪ್ಪಾ? ವಿಭೂತಿನಾ?"

ಮಹೇಶ್ವರಪ್ಪ ಒಪ್ಪಿದ. ಒಂದೇ ಕರಾರು ಹಾಕಿದ. ಜಗಳೂರು ತಾಲ್ಲೂಕಿನಲ್ಲಿ ಒಂದು ಬಾಟಲಿಯೂ ಮಾರಕೂಡದು. ಕಾರ್ಖಾನೆಗೆ ಹೋದಾಗ ಅವರು ದೊಡ್ಡ ಹಂಡೆಯಿಂದ ಒಂದು ಗ್ಲಾಸು ಹಿಡಿದು ಕೊಟ್ಟರು. ಅವನು ಕುಡಿಯಲಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗಿಯ ಮೇಲಿಂದಲೇ ಒಂದು ಕೈಯಲ್ಲಿ ಮುಚ್ಚಿಕೊಂಡು, ಗ್ಲಾಸನ್ನು ಮೂಗಿನ ಹತ್ತಿರ ತಂದ. ಒದ್ದೆ ಬಟ್ಟೆಯಲ್ಲಿ ಬಿಗಿದ ರಾಗಿಯ ವಾಸನೆ. ಸರಿ ಉಂಡು ಮಲಗಿದ ಕೂಸಿನ ಬಾಯಿಯ ವಾಸನೆ. ಗ್ಲಾಸನ್ನು ಕೆಳಗಿಟ್ಟ.

ಬಾಟಲಿಯ ಮೇಲೆ ಹಾಕಲು ಬೆಂಗಳೂರಿನ ಹುಡುಗಿಯೊಬ್ಬಳು ಚಂದದ ಚಿತ್ರಗಳನ್ನು ಬರೆದು ಕಳಿಸಿದ್ದಳು. ನವಿಲು, ಗುಡ್ಡ, ಚಂದ್ರ. ಸಂಧ್ಯಾರಾಣಿಗೆ ನವಿಲು ಹಿಡಿಸಿತ್ತು. ಬೇಡವೆಂದು ತಲೆಯಾಡಿಸಿದ್ದು ಮಹೇಶ್ವರಪ್ಪನೇ. ಗುರುತಿಲ್ಲದ ಮಾಲು ಅವನಿಗೂ ಕಳ್ಳಮಾಲೇ. ಅಚ್ಚನ್ನು ತಾನೇ ಬಟ್ಟೆಯಲ್ಲಿ ಸುತ್ತಿ ಒಯ್ದು, "ಹಿಂಗೇ ಬರ್ಬೇಕು, ಈ ಮುಕ್ಕೂ ಬರ್ಬೇಕು" ಎಂದು ಬೆರಳಿಟ್ಟು ತೋರಿಸಿ ಬಂದಿದ್ದ. ಬಾಟಲಿ ಜಗಳೂರಿಗೆ ಬರದಿದ್ದರೆ ಸಾಕು ಎಂದುಕೊಂಡಿದ್ದ. ಕುಡಿದು ಬಿಸಾಡಿದ ಬಾಟಲಿಗೂ ಒಂದು ದಾರಿ ಇರುತ್ತದೆಂದು, ಖಾಲಿ ಬಾಟಲಿಯನ್ನು ಎಸೆಯದೆ ಮತ್ತೆ ಬಳಸುವ ಊರಿನಲ್ಲಿ ಹುಟ್ಟಿದವನಾಗಿಯೂ ಅವನಿಗೆ ಹೊಳೆಯಲಿಲ್ಲ.

ಮಾಲು ಓಡಿತು. ಮೂರು ತಿಂಗಳಲ್ಲಿ ಗೋಡೌನು ಖಾಲಿಯಾಗಿ, ಹೊಸ ರಾಶಿ ನೆನೆಸಬೇಕಾಯಿತು. ಶಿವಗಂಗಮ್ಮ ಮತ್ತೆ ಬೆಳಿಗ್ಗೆ ಬಂದು ಕೈ ತೂರಿಸಿ ನಿಲ್ಲತೊಡಗಿದಳು.

ಉಡಚಮ್ಮ ಬಂದದ್ದು, ಅವನು ಹಿತ್ತಿಲ ಬಾಗಿಲಿಂದ ಹೇಳದೆ ಮರಳಿದ ವಾರದ ಶುಕ್ರವಾರ ಮಧ್ಯಾಹ್ನ. ಹೊನ್ನಾಳಿ ಕಡೆಯವಳು. ಜಗಳೂರಿಗೆ ಕೊಟ್ಟ ಮಗಳ ಕೂಸಿಗೆ ಹೋದ ವರ್ಷ ಶಿವಗಂಗಮ್ಮನೇ ಸರಿ ಇಟ್ಟಿದ್ದಳು. ಮಗಳನ್ನು ನೋಡಲು ಬಂದವಳು, ಕೈಚೀಲ ಹಿಡಿದು ಅಂಗಡಿಯ ಮುಂದಿನಿಂದಲೇ ಒಳಗೆ ನುಗ್ಗಿದಳು.

"ಅಕ್ಕಾರೆ, ಇದೀರೇನ್ರೀ? ನಿಮ್ಮ ಮನ್ಯಾಗೂ ಕೂಸು ಬಂದೈತಂತೆ. ಹರಳೆಣ್ಣೆ ತಂದೀನಿ, ನಾನೇ ಕಾಸಿದ್ದು. ನೆತ್ತಿಗೆ ಹಾಕಿ ನೋಡ್ರಿ, ಕೂಸು ಎರಡು ಮುದ್ದೆ ಉಂಡಂಗೆ ಮಲಗ್ತೈತೆ."

ಶಿವಗಂಗಮ್ಮ ಕೈ ಒರೆಸಿಕೊಳ್ಳುತ್ತ ಹಿತ್ತಿಲಿನಿಂದ ಬಂದು ನಡುಬಾಗಿಲ ಹೊಸ್ತಿಲ ಮೇಲೆ ಕೂತಳು. ಉಡಚಮ್ಮ ಚೀಲದಿಂದ ಹಾಳೆ ಸುತ್ತಿದ ಬಾಟಲಿ ತೆಗೆದಳು. ಹಾಳೆ ಬಿಚ್ಚುವ ಮುಂಚೆಯೇ ಮಹೇಶ್ವರಪ್ಪನಿಗೆ ಅದರ ಕುತ್ತಿಗೆ ಗುರುತು ಸಿಕ್ಕಿತು.

"ಬಾಟ್ಲಿ ನೋಡಿ ಬೈಬ್ಯಾಡ್ರಿ, ಬೀರಿಂದು. ಎರಡು ಸಲ ಸೀಗೆಕಾಯಿ ಹಾಕಿ ತೊಳ್ದೀನಿ. ನಮ್ಮ ಅಳಿಯಂದಲ್ಲ ಮತ್ತೆ!" ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಹೊಳೆ ದಂಡ್ಯಾಗೆ ಸಿಕ್ತು. ಬ್ಯಾರೆ ಬಾಟ್ಲಿನೂ ಇತ್ತು ಮನ್ಯಾಗೆ. ಬೇಕಂತಲೇ ಇದ್ರಾಗೆ ತಂದೆ. ನೋಡ್ರಿ ಇಲ್ಲಿ, ನಿಮ್ಮ ಮೊರ. ಯಾವನೋ ನಿಮ್ಮ ಗುರುತು ಕದ್ದು ಹಾಕ್ಕಂಡಾನೆ. ನಿಮಗೆ ತೋರಿಸ್ಬೇಕು ಅನ್ನಿಸ್ತು. ಇಂಥ ಮನೆ ಗುರುತು ಇಂಥದ್ರ ಮ್ಯಾಲೆ ಬರಬೋದೇನ್ರಿ?"

ಶಿವಗಂಗಮ್ಮ ಬಾಟಲಿಯನ್ನು ತೆಗೆದುಕೊಂಡಳು. ಅಕ್ಷರ ಅವಳಿಗೆ ಅಷ್ಟಾಗಿ ಬಾರದು. ಎಣ್ಣೆ ಸೋರಿ ಜಿಡ್ಡಾಗಿದ್ದ ಲೇಬಲ್ಲನ್ನು ಸೆರಗಿನಿಂದ ಒರೆಸಿದಳು. ಹೆಬ್ಬೆರಳನ್ನು ಮೊರದ ಅಂಚಿನ ಮೇಲೆ ನಿಧಾನಕ್ಕೆ ಆಡಿಸಿದಳು. ಬಲತುದಿಗೆ ಬಂದಾಗ ಬೆರಳು ನಿಂತಿತು.

"ಮಹೇಶ," ಎಂದಳು. "ಯಾರೋ ಕದ್ದಾರಂತೆ, ನೋಡೋ."

ಹೌದು ಎಂದಿದ್ದರೆ ಆಗುತ್ತಿತ್ತು. ಕೇಸು ಹಾಕ್ತೀನಿ ಅಕ್ಕ, ವಿಚಾರಿಸ್ತೀನಿ ಎಂದಿದ್ದರೆ ಉಡಚಮ್ಮನೂ ಸೇರಿ ಮೂವರೂ ಆ ಕಳ್ಳನನ್ನು ಬೈಯಬಹುದಿತ್ತು. ಮಾತು ನಾಲಿಗೆಯ ಮೇಲೇ ಇತ್ತು. ಅಕ್ಕ ಅವನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಹೇಳಲಿ ಎಂದು ಕಾಯುವವಳ ಹಾಗೆ, ಸುಳ್ಳಾದರೂ ಸರಿ ಎನ್ನುವವಳ ಹಾಗೆ ಕಾಯುತ್ತಿದ್ದಳು. ಮಹೇಶ್ವರಪ್ಪ ತಕ್ಕಡಿಯ ತಟ್ಟೆಯಲ್ಲಿ ಅಂಟಿದ್ದ ಒಂದು ಕಾಳನ್ನು ಉಗುರಿನಿಂದ ಕೆರೆಯತೊಡಗಿದ. ಒಳಗೆ ಸಂಧ್ಯಾರಾಣಿಯ ಜೋಗುಳದ ದನಿ ನಿಂತಿತು.

"ಕಾಫಿ ಕುಡ್ದು ಹೋಗು ಉಡಚಮ್ಮ," ಎಂದು ಶಿವಗಂಗಮ್ಮ ಎದ್ದಳು.

ಎಣ್ಣೆಯನ್ನು ಹಿತ್ತಾಳೆಯ ಗಿಂಡಿಗೆ ಸುರಿದುಕೊಂಡಳು. ಬಾಟಲಿಯನ್ನು ಹಿತ್ತಿಲಲ್ಲಿ ಬೂದಿ ಹಾಕಿ ತೊಳೆದು, ಒರೆಸಿ, ಉಡಚಮ್ಮ ಹೋದ ಮೇಲೆ ತಂದು ತಮ್ಮನ ಮುಂದೆ ತಕ್ಕಡಿಯ ಪಕ್ಕ ಇಟ್ಟಳು.

"ನಿನ್ನ ಸಾಮಾನು," ಎಂದಳು.

ಮರುದಿನ ಬೆಳಿಗ್ಗೆ ಅವಳು ಗೋಡೌನಿಗೆ ಬರಲಿಲ್ಲ. ಅಂಜಮ್ಮನೂ ಕೆಲಸಕ್ಕೆ ಬಂದಿರಲಿಲ್ಲ. ಮಹೇಶ್ವರಪ್ಪ ಒಬ್ಬನೇ ರಾಶಿಯ ಹತ್ತಿರ ಹೋದಾಗ, ಒಣಗಿ ಬಿದ್ದಿದ್ದ ಮಾಲಿನ ಮೇಲೆ ಒಂದು ಕಡೆ ಹಸಿ ರಾಗಿಯ ಪುಟ್ಟ ಗುಪ್ಪೆ ಕಂಡಿತು. ಆಗಷ್ಟೇ ಮೂತಿ ಒಡೆದ ಬಿಳಿ ಮೊಳಕೆ. ಮೊಮ್ಮಗಳಿಗೆಂದು ಕಟ್ಟಿದ್ದ ರಾಗಿ. ಹಿತ್ತಿಲಿಗೆ ಹೋಗಿ ನೋಡಿದ. ತೊಲೆ ಬರಿದಾಗಿತ್ತು. ಪಂಚೆಯ ತುಂಡು ತೊಳೆದು ತಂತಿಯ ಮೇಲೆ ಹರಡಿತ್ತು. ಆ ಬರಿಯ ತೊಲೆಯ ಕೆಳಗೆ ಅವನಿಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

"ಅಂಜಮ್ಮನ ಮನೆ ಕಡೆ ಹೋದ್ರು," ಎಂದಳು ಕೊಟ್ರಮ್ಮ. ಇವತ್ತು ಅವಳು ಕುಟುಕಲಿಲ್ಲ. "ಕಾಫಿನೂ ಕುಡೀಲಿಲ್ಲ ರೀ."

ಅಂಜಮ್ಮನ ಮನೆ ಊರ ಹೊರಗೆ, ಅವಳ ಎರಡು ತುಂಡು ಮಳೆಯಾಶ್ರಿತ ಹೊಲದ ಅಂಚಿನಲ್ಲಿ. ಮಹೇಶ್ವರಪ್ಪ ಸ್ಕೂಟರು ನಿಲ್ಲಿಸಿದಾಗ ಶಿವಗಂಗಮ್ಮ ಅಂಗಳದ ಹಾಸುಗಲ್ಲಿನ ಮೇಲೆ ಕೂತಿದ್ದಳು. ಅಂಜಮ್ಮ ಮೊರ ಹಿಡಿದು ರಾಗಿ ಕೇರುತ್ತಿದ್ದವಳು, ಸಾಹುಕಾರನನ್ನು ಕಂಡು ಗಾಬರಿಯಾಗಿ ಎದ್ದಳು.

"ನೋಡ್ರಿ ಸಾವ್ಕಾರ್ರೆ, ಅಕ್ಕಾರು ಬಂದು ಒಂದ್ ಸೇರು ರಾಗಿ ಕಡ ಕೊಡು ಅಂತಾರೆ. ನಂಗೆ ನಗಬೇಕೋ ಅಳಬೇಕೋ ತಿಳೀವಲ್ದು. ಹಂಗೇ ಒಯ್ರಿ ಅಂದ್ರೆ ಬ್ಯಾಡಂತೆ, ಕಡ ಅಂದ್ರೆ ಕಡನೇ ಅಂತೆ. ಸುಗ್ಗ್ಯಾಗೆ ವಾಪಸ್ ಕೊಡ್ತಾರಂತೆ!"

"ಅಕ್ಕಾ, ಮನ್ಯಾಗೆ ರಾಗಿ ಇಲ್ವಾ?" ಎಂದ ಮಹೇಶ್ವರಪ್ಪ. ಕೇಳಿದ ಮೇಲೆ ಮಾತು ಎಷ್ಟು ಸಣ್ಣದೆಂದು ಅವನಿಗೇ ತಿಳಿಯಿತು.

"ಐತೆ. ಅದು ಯಾಪಾರದ್ದು."

"ಮಕ್ಕಳಿಗೂ ಹೋಗೈತಕ್ಕ. ನೀ ಮೊಳೆಸಿದ ಕಾಳು ಮಕ್ಕಳಿಗೂ..."

"ಎಷ್ಟು?"

ಹೊಲದ ಕಡೆಯಿಂದ ಬೀಸಿದ ಗಾಳಿಗೆ ಮೊರದ ಹೊಟ್ಟು ಹಾರಿ ಅಂಗಳದ ತುಂಬ ಚೆದುರಿತು.

"ದಿನಾ ಬೆಳಿಗ್ಗೆ ನನ್ನ ಕೈ ತೂರಿಸ್ತಿದ್ದೆ ಮಹೇಶ, ಅದರೊಳಗೆ," ಎಂದಳು ಶಿವಗಂಗಮ್ಮ. ದನಿ ಏರಲಿಲ್ಲ. "ಚೀಲಕ್ಕೆ ಕೈ ಮುಗೀತಿದ್ದೆ. ನೀ ನಿಂತ್ಕಂಡು ನೋಡ್ತಿದ್ದಿ." ಆಮೇಲೆ ಅಂಜಮ್ಮನ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತೇನೇ?"

ಅಂಜಮ್ಮ ಮೊರದ ಅಂಚನ್ನು ನೋಡುತ್ತ ನಿಂತಳು. "ಕೂಲಿ ಕೊಟ್ರು, ಉಜ್ಜಿದ್ವಿ ಅಕ್ಕಾರೆ. ನನ್ನ ಗಂಡ ಕುಡಿಯೋದು ಬ್ಯಾರೆ ಅಂಗಡ್ಯಾಗೆ."

ಶಿವಗಂಗಮ್ಮ ಸಣ್ಣಗೆ ನಕ್ಕಳು. ನಗು ಬೇಗ ಆರಿತು.

"ಅಕ್ಕಾ, ನಿಲ್ಲಿಸಿಬಿಡ್ತೀನಿ," ಎಂದ ಮಹೇಶ್ವರಪ್ಪ. ಹೇಳುವಾಗ ಅದು ನಿಜವೇ ಆಗಿತ್ತು. ಆದರೆ ಹೇಳಿದ ಬೆನ್ನಿಗೇ ಗೋಡೌನಿನ ತೊಟ್ಟಿಗಳು, ನೆನೆದ ಕಾಳು, ಬುಧವಾರದ ಲಾರಿ ಸಾಲಾಗಿ ಕಣ್ಣ ಮುಂದೆ ಬಂದು ನಿಂತವು. ಅವು ಬಂದದ್ದು ಅವಳಿಗೂ ಕಂಡಿರಬೇಕು.

"ನಿಲ್ಲಿಸು ಅಂತ ನಾ ಅಂದ್ನಾ? ನಿನ್ನ ಅಂಗಡಿ, ನಿನ್ನ ಮಗಳ ಬುದ್ಧಿ. ಹೊಟ್ಟೆಪಾಡು ಎಲ್ಲಾರಿಗೂ ಐತೆ." ಅವಳು ಸೇರಿನ ಗಂಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. "ಸೋಮವಾರದ ಶಾಸ್ತ್ರ ನಿಲ್ಲಲ್ಲ. ಕೂಸೇನ್ ತಪ್ಪು ಮಾಡೈತೆ?"

ಸ್ಕೂಟರಿನ ಹಿಂದೆ ಕೂರು ಎಂದರೆ ಕೂರಲಿಲ್ಲ. ಅವನು ಸ್ಕೂಟರನ್ನು ನೂಕಿಕೊಂಡು ಅವಳ ಹಿಂದೆ ಹಿಂದೆ ಊರೊಳಗೆ ನಡೆದ.

ಒಂಬತ್ತು ದಿನದ ಮೇಲೆ, ಶಾಸ್ತ್ರದ ಸೋಮವಾರ, ಚನ್ನಗಿರಿಯಿಂದ ಎರಡು ಕಾರು ತುಂಬ ಬೀಗರು ಬಂದರು. ಅಳಿಯ ಸತೀಶ್ ಕುಮಾರ್ ಕೂಸಿಗೆ ಬೆಳ್ಳಿಯ ಬಟ್ಟಲು ತಂದಿದ್ದ. ಶಿವಗಂಗಮ್ಮ ಮಡಿಯುಟ್ಟು, ಹಣೆಗೆ ವಿಭೂತಿ ಬಳಿದು, ಸರಿ ಕಾಸಿ ತಂದು ಚಾಪೆಯ ಮೇಲೆ ಕೂತಳು. ಸಂಧ್ಯಾರಾಣಿ ಕೂಸನ್ನು ತೊಡೆಗೇರಿಸಿಕೊಂಡು ಎದುರಿಗೆ ಕೂತು, "ಅತ್ತೆ..." ಎಂದಳು. ಶಿವಗಂಗಮ್ಮ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದಳು. ಆಮೇಲೆ ಅದೇ ಬೆರಳನ್ನು ಬಟ್ಟಲಲ್ಲಿ ಅದ್ದಿ ಕೂಸಿನ ನಾಲಿಗೆಗೆ ಸವರಿದಳು. ಕೂಸು ಮುಖ ಸಿಂಡರಿಸಿತು, ನೆಕ್ಕಿತು, ಇನ್ನೊಂದು ಬೆರಳಿಗೆ ಬಾಯಿ ತೆರೆಯಿತು.

"ಹೆಂಗಾದ್ರೂ ಕಾಳಿನ ಸಾವ್ಕಾರ್ರ ಮೊಮ್ಮಗಳಲ್ವಾ!" ಎಂದ ಬೀಗ ಜೋರಾಗಿ. "ಗೋಡೌನು ತುಂಬ ರಾಗಿ ಐತೆ, ಉಣ್ಣವ್ವಾ ಉಣ್ಣು."

ಎಲ್ಲರೂ ನಕ್ಕರು. ಸಂಧ್ಯಾರಾಣಿ ತಲೆ ತಗ್ಗಿಸಿ ಕೂಸಿನ ಗಲ್ಲ ಒರೆಸಿದಳು. ಶಿವಗಂಗಮ್ಮ ಬಟ್ಟಲಿನ ತಳದವರೆಗೂ ಉಣಿಸಿದಳು.

ಅವಳು ಮನೆ ಬಿಡಲಿಲ್ಲ, ಮಾತು ಬಿಡಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ಚನ್ನಗಿರಿಗೆ ಕಳಿಸುವಾಗ ಬೀದಿಯ ತುದಿಯವರೆಗೂ ಎತ್ತಿಕೊಂಡು ಹೋದಳು. ಸರಿ ಇಡಿಸಲು ಬಂದ ತಾಯಂದಿರಿಗೆ, "ನಿಮ್ಮ ಮನೆ ರಾಗಿ ತರ್ರಿ, ಕಟ್ಟಿ ಕೊಡ್ತೀನಿ" ಎನ್ನತೊಡಗಿದಳು. ಕೆಲವರು ತಂದರು. ಕೆಲವರು ಯಾಕೋ ಏನೋ ಎಂದು ಬರುವುದು ಬಿಟ್ಟರು. ಒಲೆಯ ಮೇಲೆ ದೊಡ್ಡ ಪಾತ್ರೆಯ ಪಕ್ಕ ಶಿವಗಂಗಮ್ಮನದೇ ಒಂದು ಸಣ್ಣ ಪಾತ್ರೆ ಬಂತು. ಅದರಲ್ಲಿ ಬೇಯುವ ನವಣೆ ಎಲ್ಲಿಂದ ಬಂತೆಂದು ಕೊಟ್ರಮ್ಮ ಕೇಳಲಿಲ್ಲ. ಊಟಕ್ಕೆ ಕೂತಾಗ ಮಹೇಶ್ವರಪ್ಪ ಆ ಕಡೆ ನೋಡದೆ ಉಣ್ಣುವುದನ್ನು ರೂಢಿ ಮಾಡಿಕೊಂಡ.

ಸುಗ್ಗಿ ಬಂತು. ಆ ದಿನ ಅವನು ಲಾರಿಯ ಮುಂದೆ ಡ್ರೈವರನ ಪಕ್ಕ ಕೂತಿದ್ದ. ಹಿಂದೆ ಮೊರದ ಗುರುತಿನ ಚೀಲಗಳು ಹಗ್ಗ ಬಿಗಿದು ತುಂಬಿದ್ದವು. ಮಾಲು ಸಾಲದೆಂದು ಕಾರ್ಖಾನೆಯವರು ಎರಡು ಸಲ ಫೋನು ಮಾಡಿದ್ದರು. ಊರು ದಾಟಿ, ಅಂಜಮ್ಮನ ಹೊಲದ ತಿರುವಿಗೆ ಬಂದಾಗ ಡ್ರೈವರ್ ತಾನಾಗಿಯೇ ಬ್ರೇಕು ಒತ್ತಿದ.

ಹೊಲ ಕೊಯ್ದಾಗಿತ್ತು. ಕೂಳೆಯ ಸಾಲುಗಳ ನಡುವೆ ಕೂಲಿಯ ಹೆಂಗಸರು ಕೊಯ್ಲಿನಲ್ಲಿ ಉದುರಿದ ತೆನೆ ಆರಿಸುತ್ತಿದ್ದರು. ಹಕ್ಕಲು ಆಯುವುದು ಹೊಲವಿಲ್ಲದವರ ಪಾಲು. ಅವರ ಸಾಲಿನ ಕೊನೆಯಲ್ಲಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಸವರಾಜಪ್ಪನ ಮಗಳು ಶಿವಗಂಗಮ್ಮ ನಿಂತಿದ್ದಳು. ಆರಿಸಿದ ತೆನೆಯನ್ನು ಕಲ್ಲಿನ ಮೇಲೆ ಉಜ್ಜಿ ಮುಗಿಸಿದ್ದಳು. ಈಗ ಮೊರವನ್ನು ತಲೆಯ ಮೇಲಕ್ಕೆ ಎತ್ತಿ, ಗಾಳಿಗೆ ಓರೆ ಹಿಡಿದು ತೂರುತ್ತಿದ್ದಳು. ಕಾಳು ನೆಲದ ಮೇಲೆ ಹಾಸಿದ ಬಿಳಿ ಪಂಚೆಯ ತುಂಡಿಗೆ ಬೀಳುತ್ತಿತ್ತು. ಪಕ್ಕದಲ್ಲಿ ಅಂಜಮ್ಮ ಕಡ ಅಳೆದುಕೊಟ್ಟ ಸೇರನ್ನೇ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದಳು. ಅವರಿಬ್ಬರೂ ಏನೋ ಮಾತಾಡಿಕೊಳ್ಳುತ್ತಿದ್ದರು. ಅದು ಲಾರಿಯವರೆಗೆ ಕೇಳಿಸುತ್ತಿರಲಿಲ್ಲ.

"ಸಾವ್ಕಾರ್ರೆ, ಹಾರನ್ ಮಾಡ್ಲಾ?" ಎಂದ ಡ್ರೈವರ್.

"ಬ್ಯಾಡ."

ಗಾಳಿ ತಿರುಗಿತು. ಹೊಟ್ಟು ಎದ್ದು, ಬೇಲಿ ದಾಟಿ ಬಂದು ಲಾರಿಯ ಗಾಜಿನ ಮೇಲೆ ಕೂತಿತು. ಹೊಲ ಮಸುಕಾಯಿತು. ಡ್ರೈವರ್ ಇನ್ನೊಂದು ಗಳಿಗೆ ಕಾದು, ಸಾಹುಕಾರನ ಮುಖ ನೋಡಿ, ವೈಪರ್ ಹಾಕಿದ. ಒಣಗಿದ ರಬ್ಬರು ಗಾಜನ್ನು ಕೆರೆಯುತ್ತ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಯಿತು.